ಉಕ್ಕಿನ ದೊರೆ ಸೀನಿದ್ದು

ನಾನು ಮೂರು ವರ್ಷ ಯಂತ್ರವಾಗಿದ್ದೆ, ಆಮೇಲೆ ಮೂವತ್ತು ವರ್ಷ ಯಂತ್ರ ನಡೆಸಿದೆ. ಎರಡರಲ್ಲಿ ಯಾವುದು ಕಷ್ಟ ಎಂದು ಯಾರಾದರೂ ಕೇಳಿದರೆ, ಮೊದಲನೆಯದೇ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಯಂತ್ರ ನಡೆಸುವವನಿಗೆ ಬೆನ್ನು ತುರಿಸಿದರೆ ಕೆರೆದುಕೊಳ್ಳಬಹುದು.

ಗಂಗಾವತಿಯ ಚಿತ್ರಮಂದಿರದಲ್ಲಿ ಆಪರೇಟರ್ ಕೆಲಸದಿಂದ ನಾನು ಬಿಡುಗಡೆಯಾದ ಮೇಲೆ, ಆ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಮನೆಗೆ ಬಂದು, “ಕಾಕಾ, ನಿಮ್ಮ ಅನುಭವ ಬರೀರಿ, ನಮಗ ಉಪಯೋಗ ಆಗತೈತಿ” ಎಂದರು. ಉಪಯೋಗವಾಗುತ್ತದೆ ಎಂಬ ಭರವಸೆ ನನಗಿಲ್ಲ. ಮಷೀನಿನ ದೀಪದ ಕಾರ್ಬನ್ ಕಡ್ಡಿ ಹೇಗೆ ಹೊಂದಿಸಬೇಕು, ಹರಿದ ರೀಲು ಹೇಗೆ ಅಂಟಿಸಬೇಕು ಎಂಬುದನ್ನೆಲ್ಲ ಆಗಲೇ ಕಲಿಸಿಯಾಗಿದೆ. ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬ ವಿಷಯ ನನ್ನ ಹೆಂಡತಿಗೇ ಬೇಡವಾಗಿತ್ತು, ಅದನ್ನು ಓದುವ ಪಾಪ ನಿಮಗೇಕೆ? ಆದ್ದರಿಂದ ಯಾರಿಗೂ ಕಲಿಸಲಾಗದ ಆ ಮೊದಲ ಕೆಲಸದ ಬಗ್ಗೆಯೇ ಬರೆಯುತ್ತೇನೆ.

ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಆಗ ನಿಜಾಮರ ಸೀಮೆ. ನಾನು ಮರಳಿಯವನು, ಹೆಸರು ಹುಲಗಪ್ಪ, ವಯಸ್ಸು ಇಪ್ಪತ್ತರ ಆಸುಪಾಸು. ಮನೆಯಲ್ಲಿ ಗದ್ದೆ ಕೆಲಸಕ್ಕೆ ಅಣ್ಣಂದಿರು ಸಾಕಷ್ಟಿದ್ದರು. ಊಟಕ್ಕೆ ಮಾತ್ರ ಹಾಜರಾಗುತ್ತಿದ್ದ ನನ್ನನ್ನು ನೋಡಿ ಬೇಸತ್ತ ಅಪ್ಪ, ಚೆನ್ನಬಸಪ್ಪ ಸಾವ್ಕಾರರ ಸಿನಿಮಾ ಡೇರೆಗೆ ಕೆಲಸಕ್ಕೆ ಹಚ್ಚಿದ. ಸಾವ್ಕಾರರ ಡೇರೆ ಒಂದೊಂದು ಊರಿನಲ್ಲಿ ಎರಡು ಮೂರು ವಾರ ನಿಲ್ಲುತ್ತಿತ್ತು. ಜನ ಕಡಿಮೆಯಾದ ಕೂಡಲೇ ಬಟ್ಟೆ, ಬೊಂಬು, ಮಷೀನು, ನಾವು, ಎಲ್ಲ ಎತ್ತಿನ ಗಾಡಿ ಹತ್ತಿ ಮುಂದಿನ ಊರಿಗೆ ಹೊರಡುತ್ತಿದ್ದೆವು.

ದೊಡ್ಡ ಊರುಗಳಲ್ಲಿ ಆಗಲೇ ಮಾತನಾಡುವ ಚಿತ್ರಗಳು ಬಂದಿದ್ದವು. ಸಾವ್ಕಾರರ ಮಷೀನಿಗೆ ಮಾತ್ರ ಬಾಯಿ ಇರಲಿಲ್ಲ. ಅದರ ಬಾಯಿ ಎಂದರೆ ಗವಿಸಿದ್ದಪ್ಪ ಮಾಸ್ತರು. ಇವರು ಮೊದಲು ಊರೂರಿನಲ್ಲಿ ದೊಡ್ಡಾಟ ಕಲಿಸುತ್ತಿದ್ದವರು. ಪರದೆಯ ಪಕ್ಕದಲ್ಲಿ ಕೋಲು ಹಿಡಿದು ನಿಂತು, ಮೇಲೆ ಓಡುವ ಮೂಕಚಿತ್ರದ ಕಥೆಯನ್ನು ಗಂಟಲು ಹರಿಯುವಂತೆ ಹೇಳುವುದು ಅವರ ಕೆಲಸ. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರ ಅವರಿಗೆ ಒಂದೂ ಬರುತ್ತಿರಲಿಲ್ಲ, ಅದರಿಂದ ಕಥೆಗೆ ಏನೂ ತೊಂದರೆಯಾಗಲಿಲ್ಲ. ಬಿಳಿಯ ದೊರೆಸಾನಿ ಅತ್ತರೆ ಅವಳಿಗೆ ತವರು ನೆನಪಾಯಿತು, ನಕ್ಕರೆ ಅತ್ತೆ ಊರಿಗೆ ಹೋದಳು. ಕೊನೆಗೆ ಕೋಲಿನಿಂದ ನೆಲ ಕುಟ್ಟಿ, “ಕಥಿ ಮುಗೀತು, ಮನಿಗೆ ಹೋಗ್ರಿ” ಎನ್ನುತ್ತಿದ್ದರು. ಅವರು ಹಾಗೆ ಹೇಳದಿದ್ದರೆ ಪರದೆ ಬೆಳ್ಳಗಾದರೂ ಜನ ಏಳುತ್ತಿರಲಿಲ್ಲ.

ಒಂದು ವರ್ಷ ಸಾವ್ಕಾರರು ಮುಂಬಯಿಯಿಂದ ಒಂದು ಹಳೆಯ ಚಿತ್ರ ತಂದರು. ಅದರ ಹೆಸರು ಬರುವ ತುಂಡು ಸುಟ್ಟುಹೋಗಿತ್ತು, ಹಾಗಾಗಿ ಅದು ಯಾವ ಚಿತ್ರ, ಮಾಡಿದವರು ಯಾರು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಒಬ್ಬ ಗಡ್ಡದ ಪಂಡಿತ ಮನೆಗೆಲಸಕ್ಕೆಂದು ಉಕ್ಕಿನ ಮನುಷ್ಯನನ್ನು ಮಾಡುತ್ತಾನೆ. ಅದು ಕಸ ಗುಡಿಸುತ್ತದೆ, ನೀರು ತರುತ್ತದೆ, ಹೇಳಿದ್ದನ್ನೆಲ್ಲ ಮಾಡುತ್ತದೆ. ಬರಬರುತ್ತ ತಾನೇ ಯೋಚನೆ ಮಾಡುವುದನ್ನು ಕಲಿಯುತ್ತದೆ. ಒಂದು ದಿನ ಪಂಡಿತ ಕರೆದಾಗ ಅದು ಬರುವುದಿಲ್ಲ, ಕುತ್ತಿಗೆಯನ್ನಷ್ಟೇ ಮೆಲ್ಲಗೆ ಹೊರಳಿಸಿ ಅವನ ಕಡೆ ನೋಡುತ್ತದೆ. ಆ ನೋಟಕ್ಕೆ ಡೇರೆಯೊಳಗೆ ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಗಂಡಸರು ಹೆದರಿಲ್ಲವೆಂದು ತೋರಿಸಲು ಬೀಡಿ ಹಚ್ಚುತ್ತಿದ್ದರು, ಕಡ್ಡಿ ಮಾತ್ರ ಹತ್ತುತ್ತಿರಲಿಲ್ಲ. ಕೊನೆಗೆ ಆ ಯಂತ್ರ ಪಂಡಿತನನ್ನು ತಾನು ಹುಟ್ಟಿದ ಪೆಟ್ಟಿಗೆಯಲ್ಲೇ ಹಾಕಿ ಮುಚ್ಚಿ, ಕೆರೆಯೊಳಗೆ ನಡೆದು ಮುಳುಗಿಹೋಗುತ್ತದೆ.

ಗಂಗಾವತಿಯ ಕಡೆಯ ಗದ್ದೆ ಆಳುಗಳು ಮಾತ್ರ ಮೊದಲ ದಿನದಿಂದ ಯಂತ್ರದ ಪಕ್ಷ. ಪಂಡಿತನ ಕುತ್ತಿಗೆಗೆ ಕೈ ಬಿದ್ದಾಗ ಹಿಂದಿನಿಂದ ಒಬ್ಬ, “ಹಿಡಿ ಅವನ್ನ! ಹಗಲು ರಾತ್ರಿ ದುಡಿಸ್ಕೊಂಡಾನ, ಒಂದ ರೊಟ್ಟಿ ಕೊಟ್ಟಾನೇನು?” ಎಂದು ಕೂಗಿದ. ಮಾಸ್ತರು ಮರುದಿನದಿಂದ ಆ ಮಾತನ್ನು ತಮ್ಮ ವಿವರಣೆಯಲ್ಲೇ ಸೇರಿಸಿಕೊಂಡರು.

ಯಲಬುರ್ಗಾದಲ್ಲಿ ಒಂದು ಸಂಜೆ ರೀಲು ಕೊಡುವ ಕೆಲಸ ನನ್ನದಾಗಿತ್ತು. ನಾನು ಕೊನೆಯ ರೀಲನ್ನು ನಡುವೆ ಕೊಟ್ಟುಬಿಟ್ಟೆ. ಯಂತ್ರ ಕೆರೆಯಲ್ಲಿ ಮುಳುಗಿತು, ಜನ ನಿಟ್ಟುಸಿರು ಬಿಟ್ಟರು, ಮುಂದಿನ ರೀಲಿನಲ್ಲಿ ಅದು ಒಣ ಮೈಯಲ್ಲಿ ಕಸ ಗುಡಿಸುತ್ತ ಬಂತು. ಮಾಸ್ತರು ಒಂದು ಗಳಿಗೆ ಪರದೆ ನೋಡಿದರು, ಕೋಲು ಎತ್ತಿದರು, “ಸತ್ತಾನಂತ ತಿಳದ್ರ್ಯಾ? ಉಕ್ಕಿಗೆ ಸಾವಿಲ್ಲ! ಸೇಡು ತೀರಿಸ್ಕೊಳ್ಳಾಕ ಬಂದೈತಿ ನೋಡ್ರಿ, ಕಸಬರಗಿ ಹಿಡಕೊಂಡು!” ಎಂದು ಗುಡುಗಿದರು. ಡೇರೆಯ ಗಳ ಅಲುಗಾಡುವಷ್ಟು ಸೀಟಿ ಬಿತ್ತು. ಸಾವ್ಕಾರರು ನನ್ನ ಕಪಾಳಕ್ಕೆ ಎರಡು ಬಿಟ್ಟರು, ಆಮೇಲೆ ಎಲ್ಲ ಊರಿನಲ್ಲೂ ಚಿತ್ರವನ್ನು ಹಾಗೆಯೇ ತೋರಿಸಬೇಕೆಂದು ಅಪ್ಪಣೆ ಮಾಡಿದರು. ಕಪಾಳದ ಏಟನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಜನ ಬರತೊಡಗಿದ ಮೇಲೆ ಸಾವ್ಕಾರರ ತಲೆ ಓಡಿತು. ಪರದೆಯ ಮೇಲಿನ ಯಂತ್ರ ಹಗಲು ಊರೊಳಗೆ ನಡೆದಾಡಿದರೆ ಹೇಗೆ? ಗಂಗಾವತಿ ಸಂತೆಯಲ್ಲಿ ಡಬ್ಬಿ ಬೆಸೆಯುವ ಒಬ್ಬ ಮುದುಕ ಚಾಚಾ ಇದ್ದರು. ಚಿಮಣಿ ಎಣ್ಣೆಯ ಡಬ್ಬಿಗಳನ್ನು ಕತ್ತರಿಸಿ, ಬಡಿದು, ಬೆಸೆದು, ಅವರು ಒಂದು ಆಳೆತ್ತರದ ಉಕ್ಕಿನ ಮನುಷ್ಯನನ್ನು ಮಾಡಿಕೊಟ್ಟರು. ಉಕ್ಕು ಎನ್ನುವುದು ಮಾಸ್ತರ ಮಾತು, ಅದೆಲ್ಲ ತಗಡು. ಕಣ್ಣಿನ ತೂತಿಗೆ, ಗಾಳಿಯಾಡಲು ಅಂಚು ಬಿಟ್ಟು, ಹೊರಗಿನದು ಕಾಣುವಂಥ ತೆಳ್ಳನೆಯ ಕೆಂಪು ಕಾಗದ ಹಚ್ಚಿದರು. ಎದೆಗೆ ಒಂದು ಡಬ್ಬಿ ಕಡಿಮೆ ಬಿತ್ತು. ಚಾಚಾ ಯಾವುದೋ ಅಂಗಡಿಯಿಂದ ಜೋನಿಬೆಲ್ಲದ ಖಾಲಿ ಡಬ್ಬಿ ತಂದು ಅಲ್ಲಿ ಕೂರಿಸಿದರು. ಈ ಬೆಲ್ಲದ ಡಬ್ಬಿಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನಂತೂ ಮರೆತಿಲ್ಲ.

ಡೇರೆಯಲ್ಲಿ ಎಲ್ಲರಿಗಿಂತ ತೆಳ್ಳಗಿದ್ದವನು ನಾನು. ಚಾಚಾ ನನ್ನದೇ ಅಳತೆ ತೆಗೆದುಕೊಂಡರು. ತಲೆಯನ್ನು ಮೇಲಿನಿಂದ ಇಟ್ಟು ಕುತ್ತಿಗೆಯ ಹಿಂದೆ ತಂತಿ ಸುತ್ತಿ ಬಿಗಿಯಬೇಕು. ಬಿಗಿದ ಮೇಲೆ ಒಳಗಿದ್ದವನು ತಾನಾಗಿ ಅದನ್ನು ಬಿಚ್ಚಲಾರ. ಮೊದಲ ದಿನ ನನ್ನನ್ನು ತುಂಬಿಸಿ ತಂತಿ ಬಿಗಿದು, ಸಾವ್ಕಾರರು ಕಣ್ಣಿನ ತೂತಿಗೆ ಬಾಯಿ ಹಚ್ಚಿ ಹೇಳಿದರು: “ನೋಡು ಹುಲಗ್ಯಾ, ಇದರೊಳಗ ಇರೋತನಕ ನೀ ಮನಷ್ಯಾ ಅಲ್ಲ. ಜನರ ಮುಂದ ಈ ತಲಿ ಕಳಚಿತು ಅಂದ್ರ ನಮ್ಮ ಡೇರೆ ಕಳಚಿತು. ತಿಳೀತೇನು?” ತಿಳಿಯಿತು ಎಂದು ತಲೆಯಾಡಿಸಿದೆ. ತಗಡಿನ ತಲೆ ಅಲುಗಲಿಲ್ಲ, ಒಳಗೆ ನನ್ನ ಮೂಗು ಮಾತ್ರ ತರಚಿತು.

ಹೀಗೆ ನಾನು ಉಕ್ಕಿನ ದೊರೆಯಾದೆ. ಮುಂದೆ ಹಲಗೆ ಬಾರಿಸುವವನು, ಹಿಂದೆ “ಸಮುದ್ರ ದಾಟಿ ಬಂದ ಯಂತ್ರ!” ಎಂದು ಕೂಗುತ್ತ ಮಾಸ್ತರು, ನಡುವೆ ಧಡಬಡ ಧಡಬಡ ಎಂದು ನಾನು. ಬಿಸಿಲೇರಿದರೆ ಒಳಗೆ ರೊಟ್ಟಿ ಸುಡಬಹುದಿತ್ತು. ಒಂದು ಊರಿನ ಪೊಲೀಸ್ ಅಮೀನ್ ಸಾಹೇಬರು ದಾರಿಗೆ ಅಡ್ಡ ನಿಂತು ಇಜಾಜತ್ ಕಾಗದ, ಅಂದರೆ ಪರವಾನಗಿ, ಕೇಳಿದರು. ಡೇರೆಯ ಕಾಗದ ತೋರಿಸಿದೆವು. “ಇದು ಡೇರೆದು. ಇವನ ಕಾಗದ ಎಲ್ಲಿ? ಇವನು ಆದಮಿಯೋ, ಗಾಡಿಯೋ, ಜಾನವರವೋ? ಯಾವ ಖಾನೆಯಲ್ಲಿ ಬರೆಯಲಿ?” ಎಂದು ಕೇಳಿದರು. ಮಾಸ್ತರು ಕೈ ಮುಗಿದು, “ಸಾಹೇಬರ, ಕೂಲಿ ಕೇಳೋದಿಲ್ಲ, ಅಂದ ಮ್ಯಾಲ ಆದಮಿ ಅಲ್ಲ. ಹುಲ್ಲು ತಿನ್ನೋದಿಲ್ಲ, ಅಂದ ಮ್ಯಾಲ ಜಾನವರ ಅಲ್ಲ” ಎಂದರು. ಸಾಹೇಬರು ತುಂಬ ಹೊತ್ತು ಯೋಚಿಸಿ ನನ್ನನ್ನು ಗಾಡಿಗಳ ಖಾನೆಯಲ್ಲಿ ಬರೆದು ಚೀಟಿ ಕೊಟ್ಟರು. ಆ ಚೀಟಿ ನನ್ನ ಹತ್ತಿರ ಬಹಳ ವರ್ಷ ಇತ್ತು, ಆಮೇಲೆ ಇಲಿ ತಿಂದಿತು.

ಕುಷ್ಟಗಿಗೆ ಬರುವ ಹೊತ್ತಿಗೆ ಯಂತ್ರ ನಡೆದಾಡುವುದಷ್ಟೇ ಸಾಲದಾಗಿತ್ತು. ಅಲ್ಲಿ ಒಬ್ಬ ರೈತ, “ಯೋಚನಿ ಮಾಡತೈತಿ ಅಂತೀರಿ, ಹಂಗಾದ್ರ ನನ್ನ ಎಮ್ಮಿ ಯಾವ ಕಡಿ ಹೋಗೈತಿ ಹೇಳಲಿ ನೋಡೋಣು” ಎಂದು ಸವಾಲು ಹಾಕಿದ. ಅಂದು ಹೇಗೋ ತಪ್ಪಿಸಿಕೊಂಡೆವು. ಮರುದಿನ ಮಾಸ್ತರು ಒಂದು ಪದ್ಧತಿ ಮಾಡಿದರು. ಯಂತ್ರ ಎದೆಯ ಮೇಲೆ ಒಂದು ಸಲ ಬಡಿದುಕೊಂಡರೆ ಹೌದು, ಎರಡು ಸಲ ಬಡಿದುಕೊಂಡರೆ ಇಲ್ಲ. ಏನು ಹೇಳಬೇಕೆಂಬುದು ನನಗೆ ಹೇಗೆ ಗೊತ್ತಾಗಬೇಕು? ಜನ ಕೇಳಿದ್ದನ್ನು ಮಾಸ್ತರು ನನಗೆ ಗಟ್ಟಿಯಾಗಿ ಮತ್ತೊಮ್ಮೆ ಕೇಳುವರು. ಕೊನೆಗೆ “ಹೇಳಪಾ” ಎಂದರೆ ಒಂದು ಏಟು, “ಹೇಳು ಮತ್ತ” ಎಂದರೆ ಎರಡು. ಮಾತಿನ ನಡುವೆ ಕೆಮ್ಮಿದರೆ ಅಲುಗಾಡದೆ ನಿಲ್ಲಬೇಕು. ಆಗ ಅವರು, “ಯಂತ್ರ ವಿಚಾರ ಮಾಡಾಕತ್ತೈತಿ, ನಾಳೆ ಬರ್ರಿ” ಎನ್ನುವರು. ಸಾವಿನ ಪ್ರಶ್ನೆ ಬಂದರೆ ಕೆಮ್ಮೇ ಕೆಮ್ಮು. ಅದೊಂದು ನಿಯಮವನ್ನು ಮಾಸ್ತರು ಬಹಳ ಕಟ್ಟುನಿಟ್ಟಾಗಿ ಇಟ್ಟುಕೊಂಡಿದ್ದರು. ಊರಿನ ಸುದ್ದಿಯನ್ನು ಅವರು ಬೆಳಿಗ್ಗೆಯೇ ಕ್ಷೌರದ ಕಟ್ಟೆಯಲ್ಲಿ ಕೂತು ತಿಳಿದುಕೊಂಡು ಬರುತ್ತಿದ್ದರು. ಯಂತ್ರದ ಬುದ್ಧಿ ಎಲ್ಲಿಂದ ಬರುತ್ತದೆ ಎಂದು ಇವತ್ತಿಗೂ ಯಾರಾದರೂ ಕೇಳಿದರೆ ನನಗೆ ಆ ಕಟ್ಟೆಯೇ ನೆನಪಾಗುತ್ತದೆ.

ಜನ ಎಂಥೆಂಥ ಪ್ರಶ್ನೆ ಕೇಳುತ್ತಿದ್ದರು! ಒಬ್ಬ, ನಮ್ಮ ಅತ್ತೆ ಈ ತಿಂಗಳಾದರೂ ತನ್ನ ಊರಿಗೆ ಹೋಗುತ್ತಾಳೆಯೇ ಎಂದು ಕೇಳಿದ. ಮಾಸ್ತರು “ಹೇಳಪಾ” ಎಂದರು, ನಾನು ಬಡಿದುಕೊಂಡೆ. ಅತ್ತೆ ಅವನ ಹಿಂದೆಯೇ ನಿಂತಿದ್ದಳು. ಅವಳು ಬೈದದ್ದು ಅಳಿಯನನ್ನು, ನನ್ನನ್ನಲ್ಲ. ನನಗೆ ಕೈ ಮುಗಿದು, ಗಾಡಿ ಹತ್ತಿ ಹೋದಳು. ಇದನ್ನೇ ನಾನು ಮನುಷ್ಯನಾಗಿ ಹೇಳಿದ್ದರೆ ನನ್ನ ಹಲ್ಲು ಉಳಿಯುತ್ತಿರಲಿಲ್ಲ. ತಗಡಿನ ಒಳಗೆ ನಿಂತು ಹೇಳಿದರೆ ಜನ ಏನನ್ನು ಬೇಕಾದರೂ ನಂಬುತ್ತಾರೆಂದು ತಿಳಿದಾಗ ನನಗೆ ಬಹಳ ಖುಷಿಯಾಯಿತು. ಹೆದರಿಕೆಯಾಗಬೇಕಿತ್ತು. ಅದು ಕುಕನೂರಿನಲ್ಲಿ ಆಯಿತು.

ಕುಕನೂರಿಗೆ ನಾವು ಬಂದದ್ದು ಒಂದು ಭಾನುವಾರ, ನಮ್ಮ ಕಡೆಯ ಮಾತಿನಲ್ಲಿ ಐತವಾರ. ಮೆರವಣಿಗೆ ಒಂದು ಓಣಿಯಲ್ಲಿ ಹೋಗುವಾಗ, ಒಬ್ಬ ಹೆಂಗಸು ಮನೆಯ ಮುಂದೆ ಒರಳಿನಲ್ಲಿ ಒಣ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಗಾಳಿ ನಮ್ಮ ಕಡೆಗಿತ್ತು. ಕಣ್ಣಿನ ತೂತಿನಿಂದ ಘಾಟು ಒಳಗೆ ಬಂತು. ಉಸಿರು ಬಿಗಿ ಹಿಡಿದೆ, ನಾಲಿಗೆ ಕಚ್ಚಿದೆ, ದೇವರನ್ನು ನೆನೆದೆ, ಯಾವುದೂ ಉಪಯೋಗಕ್ಕೆ ಬರಲಿಲ್ಲ. ನಡುಬೀದಿಯಲ್ಲಿ ಉಕ್ಕಿನ ದೊರೆ ಸೀನಿದ. ತಗಡಿನೊಳಗೆ ಸೀನಿದರೆ ಬಾವಿಯೊಳಗೆ ಕೊಡ ಬಿದ್ದಂತಾಗುತ್ತದೆ. ಹಲಗೆ ನಿಂತಿತು. ಮಾಸ್ತರು ಸ್ವಲ್ಪವೂ ತಡಮಾಡದೆ, “ಹಬೆ! ಹಬೆ! ದೂರ ಸರೀರಿ, ಯಂತ್ರದ ಹಬೆ ಹೊರಗ ಬಂತು!” ಎಂದು ಕೂಗಿದರು. ಜನ ಹೌದೆಂದು ಎರಡು ಹೆಜ್ಜೆ ಹಿಂದೆ ಸರಿದರು. ಆ ಹೆಂಗಸು ಮಾತ್ರ ಒನಕೆ ಹಿಡಿದುಕೊಂಡು, ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು.

ಮರುದಿನ ಸೋಮವಾರ, ಚಾವಡಿಯ ಹತ್ತಿರದ ಬೇವಿನ ಮರದ ಕೆಳಗೆ ನಮ್ಮ ಪ್ರಶ್ನೆಯ ಆಟ. ಓಣಿಯ ಹಿರಿಯರಾದ ಮಲ್ಲನಗೌಡರು ಮುಂದೆಯೇ ಕೂತಿದ್ದರು. ಮೆಣಸಿನಕಾಯಿ ಕುಟ್ಟುತ್ತಿದ್ದ ಹೆಂಗಸು ಜನರನ್ನು ಸರಿಸಿ ಮುಂದೆ ಬಂದಳು. ಅವಳ ಹೆಸರು ಫಕೀರವ್ವ. ಗಂಡ ಸೊಲ್ಲಾಪುರದ ಗಿರಣಿಗೆ ಹೋಗುತ್ತೇನೆಂದು ಹೋದವನು ಏಳು ವರ್ಷದಿಂದ ಪತ್ತೆ ಇಲ್ಲ. ಅವಳು ನನ್ನ ಕೆಂಪು ಕಣ್ಣನ್ನೇ ನೇರವಾಗಿ ನೋಡುತ್ತ ಕೇಳಿದಳು: “ನನ್ನ ಗಂಡ ಜೀವಂತ ಅದಾನೇನು?”

ಮಾಸ್ತರು ಪ್ರಶ್ನೆಯನ್ನು ಮತ್ತೊಮ್ಮೆ ಹೇಳುತ್ತ ಕೆಮ್ಮಿದರು. ಚೆನ್ನಾಗಿಯೇ ಕೆಮ್ಮಿದರು. ನಾನು ಅಲುಗಾಡದೆ ನಿಂತೆ. ಆದರೆ ಬೆಲ್ಲದ ಡಬ್ಬಿಯ ವಾಸನೆಗೆ ಮರದ ಕೆಂಪಿರುವೆಗಳು ಆಗಲೇ ನನ್ನ ಎದೆಯೊಳಗೆ ಸಂಸಾರ ಹೂಡಿದ್ದವು. ಅವುಗಳಲ್ಲಿ ಒಂದು, ಎಲ್ಲಿ ಕಚ್ಚಬಾರದೋ ಅಲ್ಲಿ ಕಚ್ಚಿತು. ನನಗೆ ಗೊತ್ತಿಲ್ಲದೆ ಕೈ ಮೇಲೆದ್ದು ಎದೆಗೆ ಬಡಿಯಿತು. ಧಡ್. ಒಂದೇ ಸಲ.

ಜನ “ಓ” ಎಂದರು. ಫಕೀರವ್ವ ನನ್ನ ಕೆಂಪು ಕಣ್ಣನ್ನು ಇನ್ನೊಮ್ಮೆ ನೋಡಿ ತಿರುಗಿ ಹೋದಳು. ಗಂಡ ಬದುಕಿದ್ದಾನೆಂದು ಅವಳಿಗೆ ಸಂತೋಷವಾಗಿರಬೇಕು ಎಂದುಕೊಂಡು ನಾನು ಇರುವೆಯ ಕಡೆ ಗಮನ ಕೊಟ್ಟೆ.

ಆ ಸಂಜೆ ಡೇರೆ ಕಟ್ಟುತ್ತಿದ್ದಾಗ ಬಸಪ್ಪ ಎಂಬುವನು ಬಂದ. ಹತ್ತಿ ಬಿಡಿಸುವ ಜಿನ್ನಿಂಗ್ ಗಿರಣಿಯಲ್ಲಿ ದುಡಿಯುವವನು, ತಲೆಯ ಮೇಲೆಲ್ಲ ಹತ್ತಿಯ ಎಳೆ. ನಾನು ಯಾರೆಂದು ಅವನಿಗೆ ಗೊತ್ತಿಲ್ಲ, ಡೇರೆಯ ಆಳು ಎಂದುಕೊಂಡಿದ್ದ. “ಅಣ್ಣಾ, ಆ ಯಂತ್ರ ಎಂದಾರ ತಪ್ಪು ಹೇಳೈತೇನು?” ಎಂದು ಕೇಳಿದ. ಯಾಕೆ ಎಂದೆ. ಫಕೀರವ್ವನಿಗೂ ಅವನಿಗೂ ಉಡಿಕೆ ಮಾಡುವ ಮಾತಾಗಿತ್ತಂತೆ. ಉಡಿಕೆ ಎಂದರೆ, ಗಂಡ ಸತ್ತ ಅಥವಾ ಗಂಡ ಬಿಟ್ಟುಹೋದ ಹೆಣ್ಣಿಗೆ ಹಿರಿಯರು ಕೂಡಿ, ಹೊಸ ಸೀರೆ ಉಡಿಸಿ, ಇನ್ನೊಬ್ಬನ ಜೊತೆ ಸಂಸಾರ ಹೂಡಿಕೊಡುವ ನಮ್ಮ ಕಡೆಯ ಪದ್ಧತಿ. ಇಬ್ಬರಿಗೂ ಮನಸ್ಸಿತ್ತು. ಹಿರಿಯರೂ ಮುಕ್ಕಾಲು ಒಪ್ಪಿದ್ದರು. ಗಂಡ ಸತ್ತ ಸುದ್ದಿ ಬಂದಿಲ್ಲವಲ್ಲ ಎಂಬ ಒಂದೇ ಅನುಮಾನ ಉಳಿದಿತ್ತು. ಹೇಗೂ ಯಂತ್ರ ಬಂದಿದೆ, ಅದನ್ನೇ ಕೇಳೋಣ ಎಂದಿದ್ದರು ಗೌಡರು.

“ಯಂತ್ರ ಅದಾನ ಅಂತು. ಮುಗೀತು. ಯಂತ್ರ ಹೇಳಿದ ಮ್ಯಾಲ ನಾ ಯಾರು ಇಲ್ಲ ಅನ್ನಾಕ?” ಎಂದು ಬಸಪ್ಪ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ. ಬೆವರು ಒರೆಸಿದಂತೆ ಮಾಡಿದ, ಆದರೆ ಒರೆಸಿದ್ದು ಕಣ್ಣು. ಒಂದು ಇರುವೆಗೆ ಹೊಡೆದ ಏಟು ಇಬ್ಬರ ಬದುಕಿಗೆ ಬಿದ್ದಿತ್ತು.

ಮಂಗಳವಾರ ಬೆಳಿಗ್ಗೆ, ಸಾವ್ಕಾರರಿಗೆ ಹೇಳದೆ ಗೌಡರ ಕಟ್ಟೆಗೆ ಹೋದೆ. “ಗೌಡ್ರ, ಆ ಡಬ್ಬಿಯೊಳಗ ಇದ್ದಾಂವ ನಾನ್ರಿ. ಇರುವಿ ಕಡೀತು, ಬಡಕೊಂಡೆ. ಅದು ಉತ್ತರ ಅಲ್ರಿ” ಎಂದೆ.

ಗೌಡರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಸಮುದ್ರ ದಾಟಿ ಬಂದ ಯಂತ್ರದ ಮಾತು ಸುಳ್ಳು, ನಿನ್ನ ಮಾತು ಖರೇ?”

“ಯಂತ್ರ ಅಲ್ರಿ, ನಾನು.”

“ಹಂಗಾದ್ರ ಫಕೀರವ್ವನ ಗಂಡ ಜೀವಂತ ಅದಾನಂತ ನಿನಗ ಹೆಂಗ ಗೊತ್ತಾತು?”

“ನನಗ ಗೊತ್ತಿಲ್ರಿ! ಅದನ್ನ ಹೇಳಾಕ ಬಂದೀನಿ!”

“ಹೌದಲ್ಲ, ನಿನಗ ಗೊತ್ತಿಲ್ಲ. ಯಂತ್ರಕ್ಕ ಗೊತ್ತೈತಿ. ಅಂದ ಮ್ಯಾಲ ಯಂತ್ರ ನೀನಲ್ಲ. ನಡೀ, ಕೆಲಸ ನೋಡು.”

ಕಟ್ಟೆ ಇಳಿದು ಡೇರೆಗೆ ಬಂದೆ.

ಮಾಸ್ತರಿಗೆ ಎಲ್ಲವನ್ನೂ ಹೇಳಿದೆ. ಅವರು ಬಾಯಿಗೆ ಅಡಕೆ ಹಾಕಿಕೊಂಡರು. “ಮನಷ್ಯಾನ ಮಾತು ನಡ್ಯಾಂಗಿಲ್ಲ. ಯಂತ್ರದ ಮಾತನ್ನ ಯಂತ್ರನ ಅಳಸಬೇಕು. ನಾಳೆ ಬಸಪ್ಪನ ಕೈಲೆ ಅದನ್ನ ಮತ್ತೊಮ್ಮೆ ಕೇಳಸತೀನಿ. ನಾ ‘ಹೇಳು ಮತ್ತ’ ಅಂತೀನಿ. ನೀ ಎರಡು ಸಲ ಬಡಿ” ಎಂದರು. ಸಾವಿನ ಪ್ರಶ್ನೆಗೆ ಕೆಮ್ಮದೆ ಉತ್ತರ ಕೊಡಿಸಲು ಅವರು ಒಪ್ಪಿದ್ದು ಅದೊಂದೇ ಸಲ.

ಬುಧವಾರ ಇಡೀ ಓಣಿ ಬೇವಿನ ಮರದ ಕೆಳಗಿತ್ತು. ಬಸಪ್ಪ ಕೇಳಿದ. ಮಾಸ್ತರು “ಹೇಳು ಮತ್ತ” ಎಂದರು. ನಾನು ಯಾರಿಗೂ ಅನುಮಾನ ಉಳಿಯದಂತೆ ಬಡಿದುಕೊಂಡೆ. ಧಡ್, ಧಡ್. ಕೆಲಸ ಮುಗಿಯಿತು ಎಂದು ತಗಡಿನೊಳಗೆ ನಕ್ಕೆ.

ಗೌಡರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. “ಸೋಮವಾರ ಜೀವಂತ ಇದ್ದ. ಇವತ್ತ ಬುಧವಾರ, ಇಲ್ಲ ಅಂತು. ಹಂಗಾದ್ರ ಮಂಗಳವಾರ ತೀರ್ಯಾನ!”

ಒಬ್ಬ ಮುದುಕಿ, “ಅಯ್ಯೋ, ಹೋಗಿ ಹೋಗಿ ಮಂಗಳವಾರ ಸಾಯೋದಾ?” ಎಂದು ಎದೆ ಬಡಿದುಕೊಂಡಳು. ನಾಲ್ಕಾರು ಹೆಂಗಸರು ಅಳಲು ಶುರು ಮಾಡಿದರು, ಸತ್ತವನನ್ನು ಅವರಲ್ಲಿ ಇಬ್ಬರು ನೋಡಿಯೂ ಇರಲಿಲ್ಲ. ಸಾವು ಹೊಸದು, ಸೂತಕ ಹಿಡಿಯಬೇಕು, ವರ್ಷ ತುಂಬುವವರೆಗೆ ಉಡಿಕೆಯ ಮಾತು ಎತ್ತಬಾರದು ಎಂದು ಗೌಡರು ತೀರ್ಮಾನ ಕೊಟ್ಟರು. ಬಸಪ್ಪನ ಕಡೆಯವರು ವರ್ಷ ಕಾಯುವುದಿಲ್ಲ, ಬೇರೆ ಹೆಣ್ಣು ನೋಡುತ್ತೇವೆ ಎಂದು ಅಲ್ಲಿಯೇ ಹೇಳಿಬಿಟ್ಟರು. ಫಕೀರವ್ವನ ಅಣ್ಣ ಅವಳ ಮುಂಗೈ ಹಿಡಿದು, ಬಳೆ ಒಡೆಯಲು ಕಲ್ಲಿಗಾಗಿ ಸುತ್ತ ನೋಡಿದ. ಕೆಂಪು ಕಾಗದದ ಒಳಗಿನಿಂದ ನನಗೆ ಆ ಕೈ ಕಾಣುತ್ತಿತ್ತು. ಹಸಿರು ಬಳೆ ಕೂಡ ಕೆಂಪಾಗಿಯೇ ಕಂಡವು.

“ಬ್ಯಾಡ್ರಿ! ನಾನು ಮನಷ್ಯಾ ಅದೀನಿ!” ಎಂದು ಕೂಗಿದೆ. ತಗಡಿನೊಳಗೆ ಆ ಕೂಗು ಗವಿಯೊಳಗಿನ ಸದ್ದಿನಂತಾಗಿ, ಹೊರಗೆ ಒಂದಕ್ಷರವೂ ತಿಳಿಯದೆ ಗುಂಯ್ ಎಂದಿತು. ಜನ ಯಂತ್ರವೂ ಅಳುತ್ತಿದೆ ಎಂದುಕೊಂಡು ಅಡ್ಡಬಿದ್ದರು. ತಲೆ ಕಿತ್ತುಕೊಳ್ಳಲು ನೋಡಿದೆ. ತಗಡಿನ ಬೆರಳು ಕುತ್ತಿಗೆಯ ಹಿಂದಿನ ತಂತಿಗೆ ಎಟುಕಲಿಲ್ಲ. ಮಾಸ್ತರ ಕಡೆ ತಿರುಗಿ ಬೆನ್ನು ಕೊಟ್ಟು ನಿಂತೆ.

ಮಾಸ್ತರು ಸಾವ್ಕಾರರ ಕಡೆ ನೋಡಿದರು. ಸಾವ್ಕಾರರು ಗಾಡಿಯ ಮೇಲೆ ನಿಂತು ಎರಡೂ ಕೈಯಿಂದ ಬೇಡ ಬೇಡ ಎನ್ನುತ್ತಿದ್ದರು. ಮಾಸ್ತರಿಗೆ ಆಗ ಅರವತ್ತು ದಾಟಿತ್ತು. ಬಾಯಿ ಇರುವ ಮಷೀನುಗಳು ಬರುತ್ತಿದ್ದವು, ಈ ಡೇರೆ ಹೋದರೆ ಬೇರೆ ಯಾರೂ ಅವರನ್ನು ಪರದೆಯ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿರಲಿಲ್ಲ. ಅದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಅವರು ಕೋಲಿನಿಂದ ನೆಲ ಕುಟ್ಟಿದರು, “ಸಾವ್ಕಾರ್ರ, ಕಥಿ ಮುಗೀತು” ಎಂದರು, ನನ್ನ ಕುತ್ತಿಗೆಯ ತಂತಿ ಬಿಚ್ಚಿದರು.

ತಲೆ ಕಳಚಿತು. ಬೆವರಿನಲ್ಲಿ ತೊಯ್ದ ನನ್ನ ಮುಖ ಹೊರಗೆ ಬಂತು. ಮಂಗಳವಾರಕ್ಕಾಗಿ ಮರುಗುತ್ತಿದ್ದ ಮುದುಕಿಯೇ ಮೊದಲು ಬಾಯಿ ಬಿಟ್ಟಳು: “ಯವ್ವಾ! ಯಂತ್ರ ಹಡದೈತಿ!”

ಗೌಡರು ಎದ್ದು ಬಂದರು. ನನ್ನ ಕೆನ್ನೆ ಮುಟ್ಟಿದರು, ಬೆರಳಿಗೆ ಹತ್ತಿದ ಬೆವರನ್ನು ನೋಡಿಕೊಂಡರು. “ಇರುವಿ ಎಲ್ಲಿ?” ಎಂದರು. “ಸೋಮವಾರ ನನ್ನ ಕೈ ಎತ್ತಿಸಿದ್ದು ಇವ ನೋಡ್ರಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕತ್ತು ತೋರಿಸಿದೆ. ಅಲ್ಲಿ ಮೂರು ನಾಲ್ಕು ಹರಿದಾಡುತ್ತಿದ್ದವು. ಗೌಡರು ಅವುಗಳನ್ನು ಬಹಳ ಹೊತ್ತು ನೋಡಿದರು. ಒಂದು ಇರುವೆಯ ಮಾತು ಕೇಳಿ ನ್ಯಾಯ ಹೇಳಿದೆ ಎಂದು ನಾಳೆ ಸಂತೆಯಲ್ಲಿ ನಗುವವರ ಮುಖಗಳು ಅವರಿಗೆ ಆಗಲೇ ಕಂಡಿರಬೇಕು. ತಿರುಗಿ, ಯಾರ ಮುಖವನ್ನೂ ನೋಡದೆ, “ಬಳಿ ಒಡೀಬ್ಯಾಡ್ರಿ. ಏಳು ವರ್ಷ ಬರದಾಂವ ಇದ್ದರೇನು, ಇಲ್ಲದಿದ್ದರೇನು. ಉಡಿಕಿ ಶುಕ್ರವಾರ ಆಗಲಿ. ಈ ಡೇರೆ ಮಾತ್ರ ನಾಳೆ ಮುಂಜಾನೆ ಊರಾಗ ಇರಬಾರದು” ಎಂದರು.

ಆ ಮಾತನ್ನು ಅವರು ಸೋಮವಾರವೇ ಹೇಳಬಹುದಿತ್ತು. ಅದಕ್ಕೆ ಯಾವ ಯಂತ್ರವೂ ಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿ ಹೂಡಿದೆವು. ಸಾವ್ಕಾರರು ಮುಂದಿನ ಗಾಡಿಯಲ್ಲಿ ನಮಗೆ ಬೆನ್ನು ಹಾಕಿ ಕೂತಿದ್ದರು. ನನ್ನನ್ನು ಕೆಲಸದಿಂದ ತೆಗೆದುಹಾಕಿದ್ದೇನೆ ಎಂದು ರಾತ್ರಿಯಿಂದ ಐದು ಸಲ ಹೇಳಿದ್ದರು, ಬೆಳಿಗ್ಗೆ ಎತ್ತು ಹೂಡಲು ನನ್ನನ್ನೇ ಕರೆದಿದ್ದರು. ಉಕ್ಕಿನ ದೊರೆಯನ್ನು ಬಿಚ್ಚಿ ತುಂಡು ತುಂಡಾಗಿ ಹಿಂದಿನ ಗಾಡಿಯಲ್ಲಿ ಹಾಕಿದ್ದೆವು. ಊರ ಹೊರಗಿನ ಬಾವಿಯ ಹತ್ತಿರ ಫಕೀರವ್ವ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಗಂಟು. ಒಳಗೆ ಜೋಳದ ರೊಟ್ಟಿ, ಇನ್ನೊಂದು ಪುಟ್ಟ ಗಂಟಿನಲ್ಲಿ ಹೊಸ ಖಾರದ ಪುಡಿ.

ನಾನು ಗಾಡಿಯಿಂದ ಇಳಿದೆ. “ಅಕ್ಕಾ, ತಪ್ಪಾತು. ಇರುವಿ ಕಡೀತು” ಎಂದೆ.

“ನಿನ್ನೆ ಊರಿಗೆಲ್ಲಾ ಹೇಳಿದ್ಯಲ್ಲ, ಕೇಳೀನಿ” ಎಂದಳು. ಗಂಟನ್ನು ನನ್ನ ಕೈಯಲ್ಲಿಟ್ಟಳು. “ಅಲ್ಲೋ ತಮ್ಮಾ, ಕಬ್ಬಿಣ ಎಲ್ಯಾರ ಸೀನತೈತೇನು? ಒಳಗ ಮನಷ್ಯಾ ಅದಾನಂತ ನನಗ ಐತವಾರನ ಗೊತ್ತಾಗಿತ್ತು.”

“ಗೊತ್ತಿದ್ದೂ ಯಾಕ ಕೇಳಿದಿ ಅಕ್ಕಾ?”

“ಮನಷ್ಯಾ ಅದಾನಂತನ ಕೇಳಿದೆ. ಬರೇ ಯಂತ್ರ ಆಗಿದ್ರ ಕೇಳತಿದ್ದಿಲ್ಲ. ಗೌಡ್ರು, ನಮ್ಮಣ್ಣ, ಎಲ್ಲಾರೂ ಯಂತ್ರ ಹೇಳಲಿ ಅಂದ್ರು. ಒಳಗಿರಾಂವ ನನ್ನ ಮಾರಿ ನೋಡ್ಯಾರ ಎರಡು ಸಲ ಬಡೀತಾನ ಅಂದ್ಕೊಂಡೆ.” ಅವಳು ಸ್ವಲ್ಪ ನಕ್ಕಳು. “ನೀ ನೋಡಿದ್ರ ಇರುವಿ ನೋಡ್ಕೊಂತ ನಿಂತಿದ್ದಿ.”

ಅಷ್ಟು ಹೇಳಿ ಕೊಡ ಎತ್ತಿಕೊಂಡು ಹೋದಳು. ಮರುದಿನ ಅವಳ ಉಡಿಕೆ ಆಯಿತೆಂದು ಆಮೇಲೆ ಕೇಳಿದೆ.

ತಗಡಿನ ತಲೆಯನ್ನು ಮತ್ತೆ ನಾನು ಹಾಕಿಕೊಳ್ಳಲಿಲ್ಲ. ಯುದ್ಧ ಬಂದು ಡಬ್ಬಿಗಳಿಗೆ ಬರ ಬಿದ್ದಾಗ ಸಾವ್ಕಾರರು ಅದನ್ನು ಮಾರಿದರು. ನಾನು ಮಷೀನಿನ ಹಿಂದೆ ಹೋದೆ, ಮೂವತ್ತು ವರ್ಷ ಅಲ್ಲಿಯೇ ಇದ್ದೆ. ಯೋಚನೆ ಮಾಡುವ ಯಂತ್ರಗಳ ಚಿತ್ರ ಆಮೇಲೆಯೂ ಎಷ್ಟೋ ಬಂದವು. ಜನ ಕಿರುಚುವ ಜಾಗದಲ್ಲಿ ನನಗೆ ಹೆದರಿಕೆಯಾಗುತ್ತಿರಲಿಲ್ಲ. ಪರದೆಯ ಮೇಲೆ ಯಾರಾದರೂ ಯಂತ್ರದ ಮುಂದೆ ನಿಂತು ಒಂದು ಪ್ರಶ್ನೆ ಕೇಳಿ ಕಾಯುತ್ತಾರಲ್ಲ, ಆಗ ಮಾತ್ರ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ: ಆಪರೇಟರನ ಕೋಣೆಯ ಕಿಂಡಿಯಿಂದ ಪರದೆಯನ್ನಷ್ಟೇ ನೋಡಬೇಡಿ, ಒಮ್ಮೊಮ್ಮೆ ಕೆಳಗೆ ಕೂತವರ ಮುಖವನ್ನೂ ನೋಡಿ.

ಅಂದು ಗಾಡಿ ಯಲಬುರ್ಗಾದ ದಾರಿ ಹಿಡಿದಾಗ ಹಸಿವಾಯಿತು. ಗಂಟು ಬಿಚ್ಚಿದೆ. ಗಾಳಿ ಬಂತು, ಖಾರದ ಪುಡಿ ಹಾರಿ ಮೂಗಿಗೆ ಬಡಿಯಿತು. ನಾನು ಸೀನಿದೆ, ಮತ್ತೆ ಸೀನಿದೆ, ಕಣ್ಣಲ್ಲಿ ನೀರು ಬರುವವರೆಗೆ ಸೀನಿದೆ. ನೀರು ನಿಲ್ಲಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಾಸ್ತರು ನನ್ನನ್ನು ನೋಡಿದರು, ರೊಟ್ಟಿ ಮುರಿದು ಅರ್ಧ ನನ್ನ ಕೈಗೆ ಕೊಟ್ಟರು. ಈ ಸಲ ಅವರು ಹಬೆ ಎನ್ನಲಿಲ್ಲ.